ಕೈ ನಿಂತ ಹತ್ತು ತಿಂಗಳು

ಮೂವತ್ತು ವರ್ಷ ಊರಿಗೆಲ್ಲ ಔಷಧ ಕೊಟ್ಟವನು ನಾನು. ಸ್ವಂತ ಜಡ್ಡು ಬಂದಾಗ ಮಾತ್ರ ನನ್ನಂಥ ಕೆಟ್ಟ ರೋಗಿ ಇನ್ನೊಬ್ಬನಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲಿ ಡಾಕ್ಟರರ ತಪ್ಪು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ನನ್ನ ತಪ್ಪು ಹೇರಳ. ಕೈ ನಡುಗುವವರು, ಮನೆಯಲ್ಲಿ ಮರೆವಿನ ಹಿರಿಯರನ್ನು ನೋಡಿಕೊಳ್ಳುವವರು ಯಾರಾದರೂ ಓದಿದರೆ, ನಮ್ಮ ಹಾಗೆ ಇನ್ನೊಂದು ಮನೆಯೂ ಇತ್ತು ಎಂದು ಅವರಿಗೆ ತಿಳಿಯಲಿ.

ನಾನು ಹುಟ್ಟಿದ್ದು ಬಸವಕಲ್ಯಾಣದಲ್ಲಿ, ಹೊಟ್ಟೆ ಹೊರೆದದ್ದು ಹುಮನಾಬಾದಿನಲ್ಲಿ. ಅಲ್ಲಿನ ಒಬ್ಬ ಡಾಕ್ಟರರ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಸೇರಿದಾಗ ಬಾಟಲಿಯ ಮೇಲೆ ಉರ್ದುವಿನಲ್ಲಿ ಬರೆಯುತ್ತಿದ್ದೆ. ಇಸವಿ ಐವತ್ತಾರರಲ್ಲಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡದಲ್ಲಿ ಬರೆಯತೊಡಗಿದೆ. ರೋಗಿಗಳಿಗೆ ಎರಡೂ ಒಂದೇ ಆಗಿತ್ತು, ಬಹಳ ಮಂದಿಗೆ ಓದಲು ಬರುತ್ತಿರಲಿಲ್ಲ. ಅವರು ನೋಡುತ್ತಿದ್ದದ್ದು ಬಾಟಲಿಗೆ ಅಂಟಿಸಿದ ಕಾಗದದ ಪಟ್ಟಿಯನ್ನು. ಉದ್ದನೆಯ ಕಾಗದ ಮಡಚಿ, ಅಂಚಿಗೆ ಕತ್ತರಿ ಹಾಕಿ ಬಿಚ್ಚಿದರೆ ಸಮನಾದ ಹಲ್ಲುಗಳು ಬೀಳುತ್ತವೆ. ಒಂದು ಹಲ್ಲು ಒಂದು ಡೋಸು. ಔಷಧ ಒಂದು ಹಲ್ಲಿನಷ್ಟು ಇಳಿದರೆ ಒಂದು ಹೊತ್ತು ಮುಗಿಯಿತು. ನನ್ನ ಪಟ್ಟಿಯ ಹಲ್ಲು ಎಂದೂ ಸೊಟ್ಟ ಬೀಳುತ್ತಿರಲಿಲ್ಲ, ಅದರ ಬಗ್ಗೆ ನನಗೆ ಸೊಕ್ಕೇ ಇತ್ತು.

ಅರವತ್ತರ ಹತ್ತಿರ ಬಂದಾಗ ಬಲಗೈ ಹೆಬ್ಬೆರಳು ತಾನಾಗಿ ತೋರುಬೆರಳನ್ನು ಉಜ್ಜತೊಡಗಿತು. ಹಿಂದೆ ನಾವು ಔಷಧದ ಹಿಟ್ಟು ಕಲಸಿ ಬೆರಳಲ್ಲೇ ಗುಳಿಗೆ ಉರುಳಿಸುತ್ತಿದ್ದೆವು, ಥೇಟ್ ಹಾಗೆ. ನನ್ನ ಹೆಂಡತಿ ಗುರಮ್ಮ ನಗುತ್ತಿದ್ದಳು. "ನೀವು ದವಾಖಾನಿ ಬಿಟ್ಟ್ ಮನಿಗಿ ಬಂದೀರಿ, ಕೈ ಇನ್ನಾ ಅಲ್ಲೇ ಅದ ನೋಡ್ರಿ." ನಾನೂ ನಕ್ಕೆ. ಒಂದು ವರ್ಷ ಹೀಗೆ ನಗುವುದರಲ್ಲೇ ಹೋಯಿತು.

ಆಮೇಲೆ ಬಾಟಲಿಗೆ ಔಷಧ ಸುರಿಯುವಾಗ ಹೊರಗೆ ಚೆಲ್ಲತೊಡಗಿತು. ಎದುರಿಗೆ ನಿಂತ ರೋಗಿಗಳು ನನ್ನ ಕೈ ನೋಡಿ ಮುಖ ನೋಡುತ್ತಿದ್ದರು. ನಮ್ಮ ಡಾಕ್ಟರ್ ಸಾಹೇಬರು ಒಂದು ದಿನ ಬಾಗಿಲಲ್ಲಿ ನಿಂತು ಇದನ್ನು ಕಂಡು ಸೋಲಾಪುರದ ದೊಡ್ಡ ಡಾಕ್ಟರರಿಗೆ ಚೀಟಿ ಬರೆದು ಕೊಟ್ಟರು.

ಸೋಲಾಪುರದ ಆ ದವಾಖಾನೆಯ ಬೆಂಚು ನನಗೆ ಇನ್ನೂ ನೆನಪಿದೆ. ಕಾದು ಕೂತವರಲ್ಲಿ ಒಬ್ಬರ ಕೈಯೂ ಹೊರಗೆ ಕಾಣುತ್ತಿರಲಿಲ್ಲ. ಒಬ್ಬರು ಕೈಯನ್ನು ಬಗಲಲ್ಲಿ ಸಿಕ್ಕಿಸಿದ್ದರು, ಒಬ್ಬಾಕೆ ಸೆರಗಿನಲ್ಲಿ ಸುತ್ತಿಕೊಂಡಿದ್ದಳು, ನಾನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತಿದ್ದೆ. ಎದುರಿನ ಮುದುಕರು ನನ್ನನ್ನು ಬಹಳ ಹೊತ್ತು ನೋಡಿ, "ನಿಮ್ದೂ ಇದೇ ಏನ್ರಿ?" ಎಂದು ತಮ್ಮ ಕೈ ಹೊರಗೆ ತೆಗೆದು ತೋರಿಸಿದರು. ನಾನೂ ನನ್ನದನ್ನು ತೆಗೆದೆ. ಎರಡೂ ಕೈ ಎದುರುಬದುರು ನಡುಗುತ್ತಿದ್ದವು, ಇಬ್ಬರಿಗೂ ನಗು ಬಂತು. ಆ ಮುದುಕರ ಹೆಸರು ನಾನು ಕೇಳಲಿಲ್ಲ. ಅವತ್ತು ನನಗೆ ಧೈರ್ಯ ಕೊಟ್ಟವರು ಅವರೇ.

ಡಾಕ್ಟರು ನಡೆಸಿ ನೋಡಿದರು, ಮೊಣಕೈ ಮಡಚಿ ಬಿಡಿಸಿ ನೋಡಿದರು, ಒಂದು ಸಾಲು ಬರೆಸಿದರು. ಸಾಲಿನ ಮೊದಲ ಅಕ್ಷರ ಕಡಲೆಯಷ್ಟಿದ್ದರೆ ಕೊನೆಯದು ಸಾಸಿವೆಯಷ್ಟಾಗಿತ್ತು. ಇದು ಕಂಪವಾತ, ಪೂರ್ತಿ ಹೋಗುವುದಿಲ್ಲ, ಹಿಡಿತದಲ್ಲಿ ಇಡಬಹುದು ಎಂದರು. ದಿನಕ್ಕೆ ಮೂರು ಸಲ ಅರ್ಧರ್ಧ ಗುಳಿಗೆ ಬರೆದು, "ಕಂಪೌಂಡರ್ ಇದ್ದೀರಂತ ನೀವ ಹೆಚ್ಚ ಮಾಡಬ್ಯಾಡ್ರಿ. ಮೂರ್ ತಿಂಗಳಿಗೊಮ್ಮೆ ಬಂದು ತೋರಸ್ರಿ" ಎಂದು ಕಟ್ಟುನಿಟ್ಟಾಗಿ ಹೇಳಿದರು. ನಾನು ಆಗಲಿ ಎಂದು ತಲೆ ಅಲ್ಲಾಡಿಸಿದೆ.

ಎಂಟು ದಿನದಲ್ಲಿ ನಡುಕ ಬಿಟ್ಟು ಕೈ ನಿಂತಿತು. ಆ ಸಂತೋಷ ಹೇಗೆ ಹೇಳಲಿ! ಕಿರಿದಾದ ಬಾಯಿಯ ಬಾಟಲಿಗೆ ಒಂದು ಹನಿ ಹೊರಗೆ ಬೀಳದಂತೆ ಸುರಿದು, ಬೇಕಂತಲೇ ಡಾಕ್ಟರ್ ಸಾಹೇಬರ ಕಣ್ಣೆದುರು ಇಟ್ಟೆ. ಎರಡು ತಿಂಗಳ ಮೇಲೆ ನಡುಕ ಸ್ವಲ್ಪ ತಲೆ ಎತ್ತಿತು. ಅರ್ಧದಲ್ಲಿ ಇಷ್ಟು ಗುಣ ಇದ್ದರೆ ಒಂದರಲ್ಲಿ ಎಷ್ಟಿರಬೇಡ ಎಂದು ಒಂದು ಮಾಡಿದೆ. ಮುಂದೆ ಒಂದೂವರೆ ಆಯಿತು. ಸೋಲಾಪುರಕ್ಕೆ ಹೋಗುವುದನ್ನೂ ಬಿಟ್ಟೆ. ಅಲ್ಪವಿದ್ಯಾ ಮಹಾಗರ್ವಿ ಎನ್ನುತ್ತಾರಲ್ಲ, ಅದು ನನಗೇ ಹೇಳಿದ ಮಾತು.

ಗುಳಿಗೆಯಿಂದ ಬಾಯಿ ಒಣಗುತ್ತಿತ್ತು, ಮಲ ಕಟ್ಟುತ್ತಿತ್ತು, ಹೊಟ್ಟೆ ಹಿಂಡುತ್ತಿತ್ತು. ಹೊಟ್ಟೆನೋವಿಗೆ ನಮ್ಮ ದವಾಖಾನೆಯಲ್ಲಿ ಒಂದು ಗುಲಾಬಿ ಬಣ್ಣದ ಮಿಕ್ಸ್‌ಚರ್ ಇತ್ತು. ವರ್ಷಾನುಗಟ್ಟಲೆ ನಾನೇ ಕಲಸಿದ್ದು. ಅದರಲ್ಲಿ ಬೆಲ್ಲಾಡೋನಾ ಎಂಬ ಗಿಡದ ಅರ್ಕ ಬೀಳುತ್ತದೆ. ಒಂದು ಬಾಟಲಿ ಮನೆಗೆ ತಂದಿಟ್ಟುಕೊಂಡು ದಿನಾ ಕುಡಿಯತೊಡಗಿದೆ. ಅದು ಔಷಧ ಎಂದು ನನಗೆ ಅನ್ನಿಸಲೇ ಇಲ್ಲ. ಒಲೆಯ ಮುಂದೆ ರುಚಿ ನೋಡಿದ್ದನ್ನು ಅಡುಗೆಯವಳು ಊಟ ಎನ್ನುವುದಿಲ್ಲವಲ್ಲ, ಹಾಗೆ. ಗುಳಿಗೆ ಮತ್ತು ಆ ಅರ್ಕ ತಲೆಯೊಳಗೆ ಹೋಗಿ ಮಾಡುವ ಕೆಲಸ ಒಂದೇ ಎಂಬುದು ಮೂವತ್ತು ವರ್ಷದ ಕಂಪೌಂಡರನಿಗೆ ಗೊತ್ತಿರಲಿಲ್ಲ.

ಮುಂದಿನ ಹತ್ತು ತಿಂಗಳು ನನಗೆ ಚೂರುಚೂರು ನೆನಪು. ಉಳಿದದ್ದು ಗುರಮ್ಮ, ಮಗಳು ಮಹಾದೇವಿ ಹೇಳಿದ್ದು.

ಮೊದಲು ಮಾತಿನ ನಡುವೆ ಮಾತು ಮರೆಯುತ್ತಿದ್ದೆನಂತೆ. ಆಮೇಲೆ ದವಾಖಾನೆಯಲ್ಲಿ ಕೆಮ್ಮಿನ ಔಷಧದ ಚೀಟಿಗೆ ಕಣ್ಣಿನ ಹನಿ ತೆಗೆದಿಟ್ಟೆ. ಡಾಕ್ಟರ್ ಸಾಹೇಬರು ಅದನ್ನು ಹಿಡಿದು, ಆ ವಾರ ನಾನು ಕೊಟ್ಟ ಔಷಧವನ್ನೆಲ್ಲ ಮನೆಮನೆಯಿಂದ ತರಿಸಿ ನೋಡಿದರು. ಯಾರಿಗೂ ಕೇಡಾಗಿರಲಿಲ್ಲ. ಅದು ನನ್ನ ಪುಣ್ಯವಲ್ಲ, ಅವರ ಎಚ್ಚರ. ಮರುದಿನ ಮನೆಗೆ ಬಂದು, "ಭಾಳ ದುಡದೀರಿ ಶರಣಪ್ಪ, ಇನ್ನ ಆರಾಮ ತಗೋರಿ" ಎಂದು ನನ್ನ ಕೈಯಿಂದ ಕಪಾಟಿನ ಬೀಗದ ಕೈ ಇಸಿದುಕೊಂಡು ಹೋದರು.

ಮನೆಯಲ್ಲಿ ಗೋಡೆಯ ಮೇಲೆ ಇಲ್ಲದ ಇರುವೆ ಕಾಣುತ್ತಿದ್ದವು. ಇಡೀ ದಿನ ಹೊದ್ದುಕೊಂಡ ಕೌದಿಯ ದಾರ ಹೆಕ್ಕುತ್ತಿದ್ದೆ. ಮಹಾದೇವಿ ಆಗ ಮೆಟ್ರಿಕ್ ಮುಗಿಸಿ ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದಳು. ಒಂದು ಮುಂಜಾನೆ ಚಹಾ ತಂದಿಟ್ಟಳು. ನಾನು ಅವಳ ಮುಖ ನೋಡಿ, "ಏನ್ ತ್ರಾಸ ಅದವ್ವಾ ನಿನಗ? ಯಾವ ಊರು?" ಎಂದು ಕೇಳಿದೆನಂತೆ. ಅಪ್ಪ ಚೇಷ್ಟೆ ಮಾಡುತ್ತಾನೆ ಎಂದು ಅವಳು ನಕ್ಕಳು. ಮರುದಿನವೂ ಅದನ್ನೇ ಕೇಳಿದಾಗ ನಗಲಿಲ್ಲ. "ನಾ ನಿಮ್ಮ ಮಗಳ್ರಿ ಅಪ್ಪಾ" ಎಂದರೆ ನನಗೆ ಸಿಟ್ಟು ಬರುತ್ತಿತ್ತು, ಎದ್ದು ಬಾಗಿಲ ಕಡೆ ಹೋಗುತ್ತಿದ್ದೆ. ಕೊನೆಗೆ ಅವಳು ಒಂದು ಹಾದಿ ಕಂಡುಕೊಂಡಳು. ಹಳ್ಳಿಯಿಂದ ಬಂದ ರೋಗಿಯ ಹಾಗೆ ಮುಂದೆ ಕೂತು, "ಮೋರಖಂಡಿ ಊರಾಕಿರಿ, ತಲಿ ಭಾಳ ನೋಯ್ತದ್ರಿ" ಎನ್ನುತ್ತಿದ್ದಳು. ನಾನು ಸಮಾಧಾನವಾಗಿ ಕತ್ತರಿ ತಗೊಂಡು ಕಾಗದದ ಪಟ್ಟಿ ಕತ್ತರಿಸಿ ಕೊಡುತ್ತಿದ್ದೆ. ಹಲ್ಲು ಒಂದೂ ಸೊಟ್ಟ ಇರುತ್ತಿರಲಿಲ್ಲವಂತೆ. ಮಗಳ ಗುರುತು ಸಿಗದಿದ್ದರೂ ನನ್ನ ಕೈ ಅಷ್ಟು ಗಟ್ಟಿಯಾಗಿ ನಿಂತಿತ್ತು.

ಬಂದವರೆಲ್ಲ ಒಂದೇ ಮಾತು ಆಡಿ ಚಹಾ ಕುಡಿದು ಹೋಗುತ್ತಿದ್ದರು: ಅರವತ್ತಕ್ಕೆ ಅರಳು ಮರಳು. ನಮ್ಮ ಡಾಕ್ಟರ್ ಸಾಹೇಬರೂ ಇದು ಮುಪ್ಪಿನ ಮರೆವು, ಕಂಪವಾತ ಇದ್ದವರಿಗೆ ಜತೆಯಲ್ಲೇ ಬರುತ್ತದೆ ಎಂದರು. ಗುಳಿಗೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಕೈ ನಿಂತದ್ದು ಎಲ್ಲರ ಕಣ್ಣಿಗೂ ಕಾಣುತ್ತಿತ್ತಲ್ಲ. ಬುದ್ಧಿ ನೆಟ್ಟಗಿದ್ದಾಗ ನಾನು ಹೇಳಿದ್ದ ಲೆಕ್ಕದಲ್ಲೇ ಗುರಮ್ಮ ಹೊತ್ತು ಹೊತ್ತಿಗೆ ಒಂದೂವರೆ ಗುಳಿಗೆ ನುಂಗಿಸುತ್ತಿದ್ದಳು. ದವಾಖಾನೆಯ ಹೊಸ ಕಂಪೌಂಡರ್ ಹಳೆಯವರಿಗೆ ಮರ್ಯಾದೆ ಕೊಡಬೇಕೆಂದು ಗುಲಾಬಿ ಬಾಟಲಿ ಖಾಲಿಯಾದಾಗಲೆಲ್ಲ ತುಂಬಿಸಿ ಕಳಿಸುತ್ತಿದ್ದ. ನಾನು ಹಾಕಿಕೊಟ್ಟ ಶಿಸ್ತನ್ನು ಎಲ್ಲರೂ ಚಾಚೂ ತಪ್ಪದೆ ಪಾಲಿಸಿದರು.

ಒಂದು ದಿನ ಮೂತ್ರ ಕಟ್ಟಿತು. ಹೊಟ್ಟೆ ಉಬ್ಬಿ ನಾನು ಒದರಾಡತೊಡಗಿದಾಗ ಗುರಮ್ಮನ ತಮ್ಮ ವೈಜನಾಥ ಒಂದು ಜೀಪು ಮಾಡಿಕೊಂಡು ಬಂದು ಸೋಲಾಪುರಕ್ಕೆ ಒಯ್ದ. ಡಾಕ್ಟರು ನಳಿಗೆ ಹಾಕಿ ಮೂತ್ರ ತೆಗೆದು, ಗುರಮ್ಮನನ್ನು ಕರೆದು ಗುಳಿಗೆ ಎಷ್ಟು ಎಂದು ಕೇಳಿದರು. ಆಕೆ ಹೇಳಿದಳು. ಅವರು ಬರೆದುಕೊಟ್ಟದ್ದರ ಮೂರು ಪಟ್ಟು.

"ಇನ್ನೇನ್ ತಗೋತಾರ?"

"ಏನಿಲ್ರಿ ಸಾಹೇಬ್ರ."

ಬಾಗಿಲ ತನಕ ಹೋದವಳು ತಿರುಗಿ ಬಂದಳು. ದಾರಿಯಲ್ಲಿ ಹೊಟ್ಟೆ ನೊಂದರೆ ಇರಲಿ ಎಂದು ಚೀಲದಲ್ಲಿ ಬಾಟಲಿ ಇಟ್ಟುಕೊಂಡಿದ್ದಳು. "ಇದ್ ಔಷಧ ಅಲ್ರಿ, ಇವ್ರ ಮಾಡಿದ್ದು. ದಿನಾ ಕುಡೀತಾರ" ಎಂದು ಮೇಜಿನ ಮೇಲೆ ಇಟ್ಟಳು. ಡಾಕ್ಟರು ಬಿರಡೆ ತೆಗೆದು ಮೂಸಿದರು. ಹುಮನಾಬಾದಿಗೆ ಟ್ರಂಕ್ ಕಾಲ್ ಮಾಡಿ ಅದರಲ್ಲಿ ಏನೇನಿದೆ ಎಂದು ನಮ್ಮ ಸಾಹೇಬರಿಂದ ಕೇಳಿಕೊಂಡರು. ಫೋನು ಇಟ್ಟು ತಮ್ಮ ಹಣೆ ಒತ್ತಿಕೊಂಡರಂತೆ. ಬಾಟಲಿಯನ್ನು ಅಲ್ಲೇ ಮೋರಿಗೆ ಸುರಿಸಿದರು, ನನ್ನನ್ನು ದವಾಖಾನೆಯಲ್ಲೇ ಇರಿಸಿಕೊಂಡು ಗುಳಿಗೆಯನ್ನು ದಿನದಿನಕ್ಕೆ ಇಳಿಸುತ್ತ ಬಂದರು.

ಹತ್ತು ಹನ್ನೆರಡು ದಿನವಾಗಿರಬೇಕು. ಒಂದು ಮುಂಜಾನೆ ಎಚ್ಚರವಾದಾಗ ಮೇಲೆ ಫ್ಯಾನು ತಿರುಗುತ್ತಿತ್ತು. ನಮ್ಮ ಮನೆಯಲ್ಲಿ ಫ್ಯಾನು ಇಲ್ಲ.

"ಇದ್ ಯಾವ ಊರು ಗುರಮ್ಮ?" ಎಂದೆ.

ಆಕೆ ನೀರಿನ ತಂಬಿಗೆ ಹಿಡಿದು ನಿಂತವಳು ಹಾಗೇ ನಿಂತಳು. "ಏನಂದ್ರಿ? ನನ್ನ ಹೆಸರ ಹಿಡದ್ ಕರದ್ರಿ ಏನು?"

"ಮತ್ತ ಏನ್ ಅಂತ ಕರೀಲಿ?"

ತಂಬಿಗೆ ಕೆಳಗಿಟ್ಟು ನನ್ನ ತೋಳಿಗೆ ಎರಡು ಪೆಟ್ಟು ಹೊಡೆದಳು. "ಹತ್ ತಿಂಗಳಾತ್ರಿ ನೀವ್ ಹೋಗಿ! ಎಲ್ಲಿ ಹೋಗಿದ್ರಿ?" ಎಂದು ಜೋರಾಗಿ ಅತ್ತಳು. ಪಕ್ಕದ ಮಂಚದವರು ಯಾರೋ ಸತ್ತರೆಂದು ಎದ್ದು ಕೂತರು. ನನ್ನ ಬಲಗೈ ಚಾದರದ ಮೇಲೆ ಮೊದಲಿಗಿಂತ ಎರಡು ಪಟ್ಟು ನಡುಗುತ್ತಿತ್ತು.

ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ನೀವು ತಕ್ಕಡಿ ಹಿಡದವರು, ನಿಮಗ ತಿಳೀತದ" ಎಂದರು. "ಮಿದುಳಿನ್ಯಾಗ ನರದಿಂದ ನರಕ್ಕ ಸುದ್ದಿ ಒಯ್ಯೂ ರಸ ಇರ್ತಾವ. ಒಂದ್ ರಸ ಕಡಿಮಿ ಆಗಿ ನಿಮ್ಮ ಕೈ ನಡಗಾಕತ್ತದ. ಈ ಗುಳಿಗಿ ಏನ್ ಮಾಡ್ತದ, ತಕ್ಕಡಿ ಆ ಕಡಿ ಇರೂ ಎರಡನೇ ರಸದ್ ಕೆಲಸ ತಡದು ತಕ್ಕಡಿ ಸಮ ಮಾಡ್ತದ. ಆದ್ರ ನೆನಪು ನಡಿಯೂದು ಆ ಎರಡನೇ ರಸದ್ ಮ್ಯಾಲ. ವಯಸ್ಸಾದಂಗ ಅದೂ ಕಡಿಮಿ ಆಗಿರ್ತದ. ಇದ್ದಷ್ಟನ್ನೂ ನೀವು ಗುಳಿಗಿಲಿಂದ ತಡದ್ರಿ, ಮ್ಯಾಲ ಆ ಬಾಟ್ಲಿ."

"ಅಂದ್ರ ನನಗ ಅರಳು ಮರಳು ಆಗಿದ್ದಿಲ್ಲ?"

"ಈ ಸಲದ್ದು ಗುಳಿಗಿ ಮಾಡಿದ್ದು. ಮುಂದ ನಿಜವಾದ ಮರವು ಬರಂಗಿಲ್ಲಂತ ನಾ ಬರದ್ ಕೊಡಂಗಿಲ್ಲ. ಕೈ ಬೇಕೋ ತಲಿ ಬೇಕೋ ಅಂದ್ರ ನಿಮ್ಮ ವಯಸ್ಸಿಗಿ ಎರಡೂ ಪೂರ್ತಿ ಸಿಗಂಗಿಲ್ಲ. ಹೊಸಾದೊಂದು ಗುಳಿಗಿ ಬಂದದ, ಸಣ್ಣ ಪ್ರಮಾಣದಾಗ ಕೊಡ್ತೀನಿ. ಹಳೇದು ಇನ್ನ ಮ್ಯಾಲ ಒಂದೂ ಬ್ಯಾಡ."

ಹೊಸ ಗುಳಿಗೆಯಿಂದ ನಡಿಗೆ ಸರಿಹೋಯಿತು, ಕೈ ಅಷ್ಟಾಗಿ ಹೋಗಲಿಲ್ಲ. ಇದರೊಂದಿಗೆ ಬದುಕುವ ಸಣ್ಣಪುಟ್ಟ ಉಪಾಯ ಕಲಿತೆವು. ಲೋಟಕ್ಕಿಂತ ತಂಬಿಗೆ ಒಳ್ಳೆಯದು, ಅದೂ ಅರ್ಧ ತುಂಬಿರಬೇಕು. ಅನ್ನ ಸಾರು ಮೈಮೇಲೆಲ್ಲ ಆಗುತ್ತದೆ, ರೊಟ್ಟಿಯಲ್ಲಿ ಪಲ್ಯ ಹಿಡಿದರೆ ಬಾಯಿಯ ತನಕ ಬರುತ್ತದೆ. ಅಂಗಿಯ ಗುಂಡಿ ತೆಗೆದು ಮಹಾದೇವಿ ಮುಂದಕ್ಕೆ ಕಟ್ಟುವ ಕಸೆ ಹೊಲಿದು ಕೊಟ್ಟಳು. ದವಾಖಾನೆಗೆ ಮತ್ತೆ ಹೋಗತೊಡಗಿದೆ, ಕಪಾಟಿನ ಹತ್ತಿರ ಅಲ್ಲ, ಹೊರಗಿನ ಬೆಂಚಿಗೆ. ವಯಸ್ಸಾದವರು ಬಂದರೆ ಪಕ್ಕದಲ್ಲಿ ಕೂತು, ಇನ್ನೇನೇನು ತಗೋತೀರಿ ಎಂದು ಕೇಳುತ್ತೇನೆ. ಎಲ್ಲರೂ ಮೊದಲು ಏನಿಲ್ರಿ ಎನ್ನುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಸೆರಗಿನ ಗಂಟಿನಿಂದ, ಟೊಪ್ಪಿಗೆಯ ಒಳಗಿನಿಂದ, ಸಂತೆಯ ಪುಡಿ, ನೆರೆಮನೆಯವರ ಗುಳಿಗೆ, ಹೋದ ವರ್ಷದ ಬಾಟಲಿ ಒಂದೊಂದಾಗಿ ಹೊರಬರುತ್ತವೆ. ನಿಮ್ಮ ಮನೆಯ ಹಿರಿಯರನ್ನೂ ಕೇಳಿ, ಎರಡು ಸಲ ಕೇಳಿ.

ಆ ವರ್ಷವೇ ವೈಜನಾಥ ಮಹಾದೇವಿಗೆ ಹುಲಸೂರಿನ ಒಂದು ಸಂಬಂಧ ತಂದ. ಒಳ್ಳೆಯ ಮನೆತನ, ಹುಡುಗ ಶಾಲೆಯ ಮಾಸ್ತರ. ಹುಡುಗಿಯನ್ನು ನೋಡಿ ಒಪ್ಪಿಯೂ ಹೋಗಿದ್ದರು. ನಾನು ಆಗ ಸೋಲಾಪುರಕ್ಕೆ ತೋರಿಸಲು ಹೋಗಿದ್ದೆ, ನನ್ನನ್ನು ಅವರು ಕಂಡಿರಲಿಲ್ಲ. ಮಾತು ಪಕ್ಕಾ ಮಾಡುವ ದಿನ ನಮ್ಮಲ್ಲಿ ಹೆಣ್ಣಿನ ತಂದೆ ಗಂಡಿನ ತಂದೆಯ ಅಂಗೈಗೆ ಸಕ್ಕರೆ ಹಾಕಬೇಕು. ಅವರು ಅದನ್ನು ಬಾಯಿಗೆ ಹಾಕಿಕೊಂಡರೆ ಸಂಬಂಧ ಕೂಡಿದಂತೆ.

ಅವತ್ತು ಮುಂಜಾನೆ ವೈಜನಾಥ ಬಾಗಿಲು ಓರೆ ಮಾಡಿ ಜೇಬಿನಿಂದ ಒಂದು ಪುಡಿಕೆ ತೆಗೆದ. ಹಳೆಯ ಗುಳಿಗೆ.

"ಇವತ್ತೊಂದ್ ದಿನ ಭಾವ. ಕೈ ನಡಗೂದ್ ನೋಡಿದ್ರ ಮನಿತನದಾಗ ಜಡ್ಡ ಅದ ಅಂತ ಎದ್ದ್ ಹೋಗ್ತಾರ. ಹುಡುಗಿ ಮಾರಿ ಕಡಿ ನೋಡ್ರಿ."

ಗುರಮ್ಮನ ಕಡೆ ನೋಡಿದೆ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಆಕೆ ನೆಲ ನೋಡುತ್ತ ನಿಂತಳು. ಆಕೆಗೂ ಈ ಮದುವೆ ಬೇಕಾಗಿತ್ತು.

ಪುಡಿಕೆಯನ್ನು ಕೈಗೆ ತಗೊಂಡೆ. ಒಂದರಿಂದ ಏನಾಗುವುದಿಲ್ಲ ಎಂದು ನನಗೂ ಅನ್ನಿಸಿತು. ಆದರೆ ಇವತ್ತು ಸಕ್ಕರೆಗೆ ಒಂದು, ನಾಳೆ ಅಕ್ಷತೆಗೆ ಒಂದು, ಬೀಗರು ಬಂದಾಗಲೆಲ್ಲ ಒಂದೊಂದು. ಅರ್ಧವನ್ನು ಒಂದೂವರೆ ಮಾಡಿದವನು ನಾನೇ, ನನ್ನ ಬುದ್ಧಿ ನನಗೆ ಗೊತ್ತಿತ್ತು. ಮಗಳ ಪರವಾಗಿ ಮಾತು ಕೊಡುವ ದಿನ ತಲೆಯನ್ನು ಒತ್ತೆ ಇಡಬಾರದು ಎನ್ನಿಸಿ ಪುಡಿಕೆ ತಿರುಗಿ ಕೊಟ್ಟೆ. ವೈಜನಾಥ ಅವತ್ತು ನನ್ನ ಜತೆ ಮಾತಾಡಲಿಲ್ಲ.

ಹುಲಸೂರಿನವರು ಬಂದರು. ನಾನು ಚಮಚದಲ್ಲಿ ಸಕ್ಕರೆ ತೆಗೆದೆ. ಅರ್ಧ ಅವರ ಅಂಗೈಗೆ ಬಿತ್ತು, ಅರ್ಧ ಧೋತರದ ಮೇಲೆ, ಜಮಖಾನೆಯ ಮೇಲೆ.

"ಇದ್ ಯಾವಾಗಿಂದ್ರಿ?" ಎಂದರು ಗಂಡಿನ ತಂದೆ. ದನಿಯಲ್ಲಿ ಕೊಂಕು ಇರಲಿಲ್ಲ.

ಎಲ್ಲ ಹೇಳಿದೆ. ಕೈಯದ್ದು ಹೇಳಿದೆ, ಹತ್ತು ತಿಂಗಳದ್ದೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ನಿಮ್ಮ ಖರೇತನ ನಮಗ ಹಿಡಸ್ತು. ಊರಿಗಿ ಹೋಗಿ ತಿಳಸ್ತೀವ್ರಿ" ಎಂದು ಅಂಗೈಯ ಸಕ್ಕರೆಯನ್ನು ಮೆಲ್ಲಗೆ ತಟ್ಟೆಗೆ ತಿರುಗಿ ಹಾಕಿದರು. ತಿಳಿಸುವುದೇನೂ ಉಳಿದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು.

ಅವರು ಹೋದ ಮೇಲೆ ಗುರಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಹಾದೇವಿ ಹೊಸ ಸೀರೆಯಲ್ಲೇ ಕೂತು ಜಮಖಾನೆಯ ಮೇಲಿನ ಸಕ್ಕರೆ ಗುಡಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ತಪ್ಪಾತವ್ವಾ. ಒಂದ ಗುಳಿಗಿ ನುಂಗಿದ್ರ ನಿನ್ನ ಲಗ್ನ ಆಗ್ತಿತ್ತು. ನನ್ನ ತಲಿ ಉಳಸ್ಕೊಳ್ಳಾಕ ನಿನ್ನ ನಸೀಬ ಕೆಡಿಸಿದೆ."

ಅವಳು ಗುಡಿಸುವುದನ್ನು ನಿಲ್ಲಿಸಲಿಲ್ಲ. "ಲಗ್ನ ಇವತ್ತ್ ಹೋದ್ರ ನಾಳಿಗಿ ಮತ್ತೊಂದ್ ಬರ್ತದ ಅಪ್ಪಾ. ನೀವ್ ಹೋಗಿದ್ದಾಗ ಯಾರ ಕಡಿ ಹೋಗಿ ಕೇಳಬೇಕಿತ್ತು ನಾ, ನಮ್ಮಪ್ಪನ್ನ ಕೊಡ್ರಿ ಅಂತ?"

ನಾನು ಬಗ್ಗಿ ಸಕ್ಕರೆಯ ತಟ್ಟೆ ಎತ್ತಹೋದೆ.

"ಕೈ ನಡಗಿದ್ರ ನಡಗಲಿ. ನೀವ್ ಇರ್ರಿ" ಎಂದಳು.

ಅವಳ ಪಕ್ಕದಲ್ಲಿ ಜಮಖಾನೆಯ ಮೇಲೆ ಕೂತು ಅತ್ತುಬಿಟ್ಟೆ. ಅವಳೂ ಅತ್ತಳು. ಆಮೇಲೆ ಇಬ್ಬರೂ ಸೇರಿ ಜಮಖಾನೆ ಮಡಚಿದೆವು.